ಕಾಯ ಮತ್ತು ಕುರುಹು

ಕಾಶಿ ದೇಹವನ್ನು ಉಳಿಸಿಕೊಳ್ಳುವ ಊರಲ್ಲ. ಮಣಿಕರ್ಣಿಕಾ ಘಟ್ಟದಲ್ಲಿ ಹಗಲಿರುಳೂ ಚಿತೆಗಳು ಉರಿಯುತ್ತವೆ. ಬೂದಿಯಾದದ್ದು ಗಂಗೆಯ ಪಾಲಾಗುತ್ತದೆ. ಇಂಥ ಊರಿಗೆ 2009ರಲ್ಲಿ ನಾನು ತಾಯಿಯೊಡನೆ ಹೋದದ್ದು ತಂದೆಯ ಕುರುಹೊಂದನ್ನು ಉಳಿಸುವುದಕ್ಕಾಗಿ.

ನಮ್ಮ ಪದ್ಧತಿಯಂತೆ ತಂದೆಯವರನ್ನು ಹೊಲದಲ್ಲಿ, ಕುಳಿತ ಭಂಗಿಯಲ್ಲಿ, ಅಂಗೈಯಲ್ಲಿ ಇಷ್ಟಲಿಂಗವಿರಿಸಿ, ವಿಭೂತಿ ಪತ್ರೆಗಳೊಡನೆ ಸಮಾಧಿ ಮಾಡಿದ್ದೆವು. ಮುಂದೆ ಕೃಷ್ಣೆಯ ಹಿನ್ನೀರಿನಲ್ಲಿ ಹೊಲವೂ ಸಮಾಧಿಯೂ ಮುಳುಗಿದವು. ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವಾಗಲೆಲ್ಲ ನೀರಿನ ನಡುವೆ ಆ ಜಾಗವನ್ನು ಹುಡುಕುತ್ತಿದ್ದೆ. ಪ್ರಾಚೀನರು ಮೃತದೇಹಗಳನ್ನು ಕಾಯ್ದಿಟ್ಟ ಬಗೆಯನ್ನು ಓದುವ ಗೀಳು ಹತ್ತಿದ್ದು ಆಗಲೇ.

ಈಜಿಪ್ಟಿನವರು ಒಳಾಂಗಗಳನ್ನು ತೆಗೆದು, ಹೃದಯವನ್ನು ಮಾತ್ರ ಒಳಗೇ ಬಿಟ್ಟು, ನೇಟ್ರಾನ್ ಎಂಬ ಲವಣದಲ್ಲಿ ಶವವನ್ನು ಒಣಗಿಸಿ, ಲಿನನ್ ಬಟ್ಟೆಯ ಪಟ್ಟಿಗಳನ್ನು ಸುತ್ತುತ್ತಿದ್ದರು. ಇಡೀ ಕ್ರಿಯೆಗೆ 70 ದಿನಗಳು ಹಿಡಿಯುತ್ತಿದ್ದವು. ಆತ್ಮ ಮರಳಿ ಬಂದಾಗ ತನ್ನ ಒಡಲನ್ನು ಗುರುತಿಸಬೇಕೆಂಬುದು ಅವರ ನಂಬಿಕೆ. ಅವರಿಗಿಂತ ಮೊದಲೇ, ಸುಮಾರು 7000 ವರ್ಷಗಳ ಹಿಂದೆ, ಚಿಲಿ ದೇಶದ ಕರಾವಳಿಯ ಚಿಂಚೋರೋ ಜನ ಎಳೆಯ ಮಕ್ಕಳ ದೇಹಗಳನ್ನೂ ಕೆಡದಂತೆ ಕಾಯ್ದಿಟ್ಟಿದ್ದರು. ನಮ್ಮ ಹಿಮಾಚಲದ ಸ್ಪಿತಿ ಸೀಮೆಯ ಗ್ಯೂ ಗ್ರಾಮದಲ್ಲಿ ಸುಮಾರು 500 ವರ್ಷಗಳಷ್ಟು ಹಿಂದಿನ ಬೌದ್ಧ ಭಿಕ್ಷುವೊಬ್ಬರ ದೇಹವಿದೆ. 1975ರ ಭೂಕಂಪದ ತರುವಾಯ ಬೆಳಕಿಗೆ ಬಂದ ಆ ದೇಹವೂ ಕುಳಿತ ಭಂಗಿಯಲ್ಲಿಯೇ ಇದೆ. ಅದರ ಚಿತ್ರವನ್ನು ಕಂಡಾಗ ತಂದೆಯವರನ್ನೇ ಕಂಡಂತಾಗಿ ಪುಸ್ತಕ ಮುಚ್ಚಿಟ್ಟೆ. ಭಂಗಿ ಒಂದೇ ಆದರೂ ಆಶಯ ಬೇರೆ: ನಮ್ಮವರ ಸಮಾಧಿ ಕಾಯವನ್ನು ಕಾಪಿಡುವುದಕ್ಕಲ್ಲ, ಮಣ್ಣಿಗೆ ಒಪ್ಪಿಸುವುದಕ್ಕೆ. ಇದು ನನ್ನ ಬುದ್ಧಿಗೆ ತಿಳಿದಿತ್ತು, ಮನಸ್ಸು ಒಪ್ಪಿರಲಿಲ್ಲ.

ಕಾಶಿಯ ಜಂಗಮವಾಡಿ ಮಠದಲ್ಲಿ ಮೃತರ ಹೆಸರಿನಲ್ಲಿ ಶಿವಲಿಂಗವನ್ನು ಪ್ರತಿಷ್ಠಾಪಿಸುವ ಸಂಪ್ರದಾಯವಿದೆ. ತಲೆತಲಾಂತರದಿಂದ ಹೀಗೆ ಸೇರಿದ ಸಾವಿರಾರು ಲಿಂಗಗಳು ಅಲ್ಲಿ ಒತ್ತೊತ್ತಾಗಿವೆ. ತಾಯಿಯ ಇಚ್ಛೆಯಂತೆ ನಾವೂ ಒಂದನ್ನು ಸಲ್ಲಿಸಿದೆವು. ಮರುದಿನ ಪತ್ರೆ ಏರಿಸಲು ಹೋದಾಗ ನಮ್ಮದು ಯಾವುದೆಂದು ತಿಳಿಯಲಿಲ್ಲ. ನಾನು ಸಾಲು ಸಾಲಾಗಿ ಹುಡುಕುತ್ತಿದ್ದೆ. ತಾಯಿ ಹತ್ತಿರದ ಲಿಂಗವೊಂದಕ್ಕೆ ಪತ್ರೆ ಏರಿಸಿ ಕೈಮುಗಿದು, "ಯಾವುದಾದ್ರೇನಪಾ, ಎಲ್ಲಾ ಒಂದ ಐತಿ" ಎಂದರು.

ಹಸ್ತಪ್ರತಿಗಳಲ್ಲಿ ಮೂಲಪಾಠವನ್ನು ಅರಸುವುದೇ ವೃತ್ತಿಯಾದ ನನಗೆ ಆ ಮಾತು ಕೂಡಲೇ ರುಚಿಸಲಿಲ್ಲ. ಆದರೆ ಮೂಲದ ಓಲೆ ಪುಡಿಯಾಗಿ ಹೋದರೂ, ಯಾರೋ ಪ್ರತಿ ಮಾಡಿದ್ದರಿಂದಲೇ ಕಾವ್ಯ ನಮ್ಮವರೆಗೆ ಬಂದಿದೆಯೆಂದು ತರಗತಿಯಲ್ಲಿ ಹೇಳುತ್ತಿದ್ದವನೂ ನಾನೇ. ಈಗ ಆ ಬಸ್ಸಿನಲ್ಲಿ ಹೋಗುವಾಗ ಹಿನ್ನೀರನ್ನು ನೋಡುತ್ತೇನೆ, ಜಾಗವನ್ನು ಹುಡುಕುವುದಿಲ್ಲ.