ಅಮ್ಮನ ಕಟ್ಟು, ನಮ್ಮೂರ ಪುಸ್ತಕದ ಹಬ್ಬ

ಧನುರ್ಮಾಸದಲ್ಲಿ ಮದುವೆ ಇಲ್ಲ, ಮುಂಜಿ ಇಲ್ಲ. ಕಲ್ಯಾಣ ಮಂಟಪಗಳಿಗೆಲ್ಲ ಬೀಗ. ನಮ್ಮೂರಿನಲ್ಲಿ ಮಾತ್ರ ಆ ತಿಂಗಳ ಒಂದು ಶನಿವಾರ, ಭಾನುವಾರ ಮಂಟಪದ ಬಾಗಿಲಿಗೆ ಮಾವಿನ ತೋರಣ ಕಟ್ಟುತ್ತಾರೆ. ಯಾರ ಮದುವೆ ಅಂತ ಕೇಳಬೇಡಿ. ಅದು ಪುಸ್ತಕದ ಹಬ್ಬ! ಮುಹೂರ್ತವಿಲ್ಲದ ಕಾಲವಾದ್ದರಿಂದ ಮಂಟಪದವರು ಬಾಡಿಗೆ ಕೇಳುವುದಿಲ್ಲ.

ನಮ್ಮ ಬೀದಿಯಲ್ಲಿ ಒಂದು ಪುಟ್ಟ ವಾಚನಾಲಯವಿದೆ. ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಮನೆಯ ಮುಂದಿನ ಕೋಣೆ ಬಿಟ್ಟುಕೊಟ್ಟು, ಎರಡು ಬೀರುವಿನಿಂದ ಶುರು ಮಾಡಿದ್ದು. ಸಂಬಳದವರು ಯಾರೂ ಇಲ್ಲ. ಸಂಜೆ 5ರಿಂದ 7ರವರೆಗೆ ನಾವೇ ಸರದಿಯ ಮೇಲೆ ಕೂರುತ್ತೇವೆ. ಕರೆಂಟು ಬಿಲ್ಲು, ಹೊಸ ಪುಸ್ತಕ, ಮಕ್ಕಳು ಕೂರುವ ಚಾಪೆ, ಎಲ್ಲಕ್ಕೂ ಹಣ ಹುಟ್ಟಬೇಕಾದ್ದು ಈ ಎರಡು ದಿನದ ಹಬ್ಬದಿಂದಲೇ.

“ಸರ್ಕಾರದ ಲೈಬ್ರರಿ ಇದೆಯಲ್ಲ, ಇದ್ಯಾಕೆ ಮತ್ತೆ?” ಎಂದು ನಮ್ಮ ಯಜಮಾನರು ಕೇಳಿದ್ದುಂಟು. ಇದೆ, ಇಲ್ಲವೆನ್ನುವುದಿಲ್ಲ. ನಿಮ್ಮ ಮನೆ ಕಂದಾಯದ ರಸೀದಿ ತೆಗೆದು ನೋಡಿ, ಗ್ರಂಥಾಲಯ ಕರ ಎಂದು ಒಂದು ಸಾಲು ಕಾಣುತ್ತದೆ. 1965ರ ಗ್ರಂಥಾಲಯ ಕಾಯಿದೆಯಿಂದ ಬಂದದ್ದು ಅದು. ಈಗ ಕಂದಾಯದ ನೂರು ರೂಪಾಯಿಗೆ ಆರು ರೂಪಾಯಿ. ಹಾಗಾಗಿ ಆ ಲೈಬ್ರರಿಯೂ ನಮ್ಮದೇ. ಆದರೆ ನಮ್ಮೂರಲ್ಲಿ ಅದಿರುವುದು ಬಸ್ ನಿಲ್ದಾಣದ ಆಚೆ. ದೇವರಿಗೆ ದೀಪ ಹಚ್ಚಿ, ಮಕ್ಕಳಿಗೆ ತಿಂಡಿ ಕೊಟ್ಟು, ಅಲ್ಲಿಯವರೆಗೆ ನಡೆದು ಹೋಗುವ ಪುರುಸೊತ್ತು ಯಾವ ಗೃಹಿಣಿಗಿದೆ, ನೀವೇ ಹೇಳಿ? ಬೀದಿಯ ವಾಚನಾಲಯವಾದರೆ ಒಲೆಯ ಮೇಲೆ ಬೇಳೆ ಇಟ್ಟು ಓಡಿಹೋಗಿ ಒಂದು ಕಾದಂಬರಿ ತರಬಹುದು. (ಎರಡು ಸಲ ಬೇಳೆ ಸೀದದ್ದೂ ಉಂಟು!)

ಮೊದಲ ವರ್ಷದ ಹಬ್ಬದಲ್ಲಿ ಗಂಡಸರೆಲ್ಲ ಪುಸ್ತಕದ ಮೇಜಿನ ಹಿಂದೆ, ಹೆಂಗಸರೆಲ್ಲ ಮಂಟಪದ ಅಡುಗೆಮನೆಯಲ್ಲಿ. ನಾನು ಗೊಜ್ಜವಲಕ್ಕಿ ಕಲಸಿದೆ, ಕಾಫಿ ಸೋಸಿದೆ. ಒಂದೇ ಒಂದು ಪುಸ್ತಕ ಕಣ್ಣಿಂದ ನೋಡಲಿಲ್ಲ. ಎರಡನೇ ವರ್ಷ ಸಭೆಯಲ್ಲಿ ಧೈರ್ಯ ಮಾಡಿ, “ಹಳೆಯ ಪುಸ್ತಕದ ಮೇಜು ನನಗೆ ಕೊಡಿ” ಎಂದೆ. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಮೇಷ್ಟ್ರು, “ಲೆಕ್ಕ ಚೆನ್ನಾಗಿ ಬರೆಯಬೇಕು ತಾಯಿ” ಎಂದರು. ಹಾಲಿನ ಲೆಕ್ಕ, ಚೀಟಿ ಲೆಕ್ಕ ಬರೆದವಳಿಗೆ ಇದೇನು ಮಹಾ ಎಂದುಕೊಂಡೆ.

ಮನೆ ಮನೆಗೆ ಹೋಗಿ ಹಳೆಯ ಪುಸ್ತಕ ಬೇಡಿ ತರುವುದೇ ದೊಡ್ಡ ಕೆಲಸ. ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರುತ್ತಿದ್ದರಂತೆ. ನನಗೆ ಎರಡು ಬೀದಿ ಮುಗಿಯುವಷ್ಟರಲ್ಲೇ ಸೊಂಟ ಹಿಡಿಯಿತು. ಒಬ್ಬರು ಒಳ್ಳೊಳ್ಳೆ ಕಾದಂಬರಿ ಕೊಟ್ಟರೆ ಇನ್ನೊಬ್ಬರು ಹೋದ ವರ್ಷದ ಪಂಚಾಂಗ ಕೊಟ್ಟರು! ತಂದದ್ದನ್ನೆಲ್ಲ ಒಣಬಟ್ಟೆಯಲ್ಲಿ ಒರೆಸಿ, ಗಾಳಿಯಾಡುವ ನೆರಳಿನಲ್ಲಿ ಹರವಿ, ಒಣಗಿದ ಬೇವಿನ ಎಲೆ ಇಟ್ಟೆವು. ಹರಿದವಕ್ಕೆ ಮೈದಾ ಅಂಟು. ಎರಡು ಚಮಚ ಮೈದಾಕ್ಕೆ ಒಂದು ಲೋಟ ನೀರು, ಹುಳು ಬರದಂತೆ ಚಿಟಿಕೆ ಮೈಲುತುತ್ತ. ಗಂಟಾಗದಂತೆ ಸಣ್ಣ ಉರಿಯಲ್ಲಿ ಕೈಯಾಡಿಸಿ. ಮೈಲುತುತ್ತ ವಿಷ, ನೆನಪಿರಲಿ. ಅಡುಗೆಯ ಪಾತ್ರೆ ಬಳಸಬೇಡಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಇನ್ನು ನಡೆದ ಸಂಗತಿ ಹೇಳುತ್ತೇನೆ.

ನನ್ನ ತವರು ತೀರ್ಥಹಳ್ಳಿ ಕಡೆ. ಅಮ್ಮನಿಗೆ ಓದಿನ ಹುಚ್ಚು. ನಮ್ಮ ಕಡೆಯವರೇ ಆದ ಎಂ.ಕೆ. ಇಂದಿರಾ, ಹೆಚ್ಚು ಶಾಲೆ ಕಲಿಯದೆಯೂ, ನಲವತ್ತು ದಾಟಿದ ಮೇಲೆ ಬರೆಯಲು ಕೂತು 1963ರಲ್ಲಿ ‘ತುಂಗಭದ್ರಾ’ ತಂದರಲ್ಲ, ಅವರ ಮಾತು ಬಂದರೆ ಅಮ್ಮನಿಗೆ ಊಟ ಬೇಡ. ಪುಸ್ತಕ ಕೊಳ್ಳುವಷ್ಟು ದುಡ್ಡಿಲ್ಲ. ಪಕ್ಕದ ಮನೆಗೆ ಬರುತ್ತಿದ್ದ ವಾರಪತ್ರಿಕೆಯನ್ನು ಎಲ್ಲರೂ ಓದಿದ ಮೇಲೆ ಕೇಳಿ ತಂದು, ಧಾರಾವಾಹಿಯ ಹಾಳೆ ಕತ್ತರಿಸಿ, ಎಲ್ಲ ಸೇರಿಸಿ ದಬ್ಬಣದಲ್ಲಿ ಹೊಲಿದು, ಹಳೇ ಕ್ಯಾಲೆಂಡರಿನ ರಟ್ಟು ಹಾಕುತ್ತಿದ್ದರು. ಅಂಥ ಒಂದು ಕಟ್ಟು ನನ್ನ ಹತ್ತಿರವಿತ್ತು. ಅಂಚಿನಲ್ಲಿ ಅಮ್ಮನ ಕೈಬರಹದ ಹಾಲಿನ ಲೆಕ್ಕ, ನನಗೆ ಜ್ವರ ಬಂದ ತಾರೀಖು. ಅಮ್ಮ ಹೋಗಿ 12 ವರ್ಷವಾಯಿತು.

ಹಬ್ಬದ ಮೊದಲ ದಿನ ರಾತ್ರಿ ಲೆಕ್ಕ ತಾಳೆ ನೋಡುತ್ತಿದ್ದೆ. ಹುಡುಗರ ಪಟ್ಟಿಯಲ್ಲಿ ಒಂದು ಸಾಲು: ‘ಹಳೇ ಧಾರಾವಾಹಿ ಕಟ್ಟು, ಒಂದು, 20 ರೂ.’ ಎದೆ ಧಸಕ್ಕೆಂದಿತು. ಮನೆಗೆ ಓಡಿ ಟ್ರಂಕು ತೆಗೆದರೆ, ಇಲ್ಲ! ನನಗೆ ಸಹಾಯವಾಗಲಿ ಎಂದು ನಮ್ಮತ್ತೆಯೇ ಚೀಲಕ್ಕೆ ಹಾಕಿದ್ದರು.

“ಕೇಳಬಾರದಿತ್ತಾ ಅತ್ತೆ?” ಎಂದು ಕಿರುಚಿಬಿಟ್ಟೆ. ಎದುರಾಡಿದವಳಲ್ಲ ನಾನು. ಅವರಿಗೆ ಅಕ್ಷರ ಬಾರದು. ಪೆಚ್ಚಾಗಿ, “ನೀನು ಒಂದು ದಿನವೂ ಅದನ್ನ ತೆಗೆದು ನೋಡಿದ್ದು ಕಾಣೆನಲ್ಲೇ. ಬೇಡದ್ದು ಅಂದ್ಕೊಂಡೆ” ಅಂದರು. ನಿಜವೇ. ಅದಕ್ಕೇ ಆ ಮಾತು ಇನ್ನಷ್ಟು ಚುಚ್ಚಿತು. ಮರುದಿನ ಪೂರ್ತಿ ಅವರೊಡನೆ ಮಾತಾಡಲಿಲ್ಲ.

ಕೊಂಡವರು ಯಾರೆಂದು ಹುಡುಗರಿಗೆ ಗೊತ್ತಿತ್ತು. ಟೈಲರ್ ಅಂಗಡಿಗೆ ಕಾಜಾ ಹಾಕಿಕೊಡುವ ಹೆಂಗಸು. ಸೋಮವಾರ ಇನ್ನೂರು ರೂಪಾಯಿ ಸೆರಗಿನ ತುದಿಗೆ ಕಟ್ಟಿಕೊಂಡು ಅವಳ ಮನೆಗೆ ಹೋದೆ. ಜಗಲಿಯ ಮೇಲೆ ನಾಲ್ಕು ಜನ ಹೆಂಗಸರು ಗುಂಡಿ ಹಚ್ಚುತ್ತಾ ಕೂತಿದ್ದಾರೆ; ಇವಳು ಅಮ್ಮನ ಕಟ್ಟು ಹಿಡಿದು ಗಟ್ಟಿಯಾಗಿ ಓದುತ್ತಿದ್ದಾಳೆ. ನನ್ನನ್ನು ಕಂಡವಳೇ, “ಬನ್ನಿ ಅಕ್ಕ, ಸರಿಯಾದ ಹೊತ್ತಿಗೆ ಬಂದ್ರಿ. ಇದರ ಕೊನೇ ಕಂತೇ ಇಲ್ಲ. ಅವಳು ಗಂಡನ ಮನೆಗೆ ವಾಪಸು ಹೋಗ್ತಾಳೋ, ಇಲ್ಲವೋ? ನಿಮಗೇನಾದ್ರೂ ಗೊತ್ತಾ?” ಅಂದಳು.

ನನಗೆ ಗೊತ್ತಿತ್ತು, ಗೊತ್ತಿರಲಿಲ್ಲ. ಆ ವಾರ ನನಗೆ ದಡಾರ. ಅಮ್ಮ ಪಕ್ಕದ ಮನೆಗೆ ಹೋಗುವ ಹೊತ್ತಿಗೆ ಪತ್ರಿಕೆ ಕಿರಾಣಿ ಅಂಗಡಿಯ ಪೊಟ್ಟಣವಾಗಿತ್ತು. ಕೊನೆಯನ್ನು ಅಮ್ಮನೇ ಕಟ್ಟಿ ಹೇಳುತ್ತಿದ್ದರು. ಅಪ್ಪನ ಮೇಲೆ ಸಿಟ್ಟಿದ್ದ ದಿನ ನಾಯಕಿ ವಾಪಸು ಹೋಗುತ್ತಿರಲಿಲ್ಲ, ಮೇಷ್ಟ್ರಮ್ಮನಾಗಿ ಬದುಕುತ್ತಿದ್ದಳು. ಸಮಾಧಾನವಿದ್ದ ದಿನ ಹೋಗುತ್ತಿದ್ದಳು. ಎರಡನ್ನೂ ಹೇಳಿದೆ. ನಾಲ್ವರೂ ನಕ್ಕರು, ಆಮೇಲೆ ಜಗಳಕ್ಕೇ ಬಿದ್ದರು! “ಹೋಗಬಾರದು ಕಣ್ರೀ” ಎಂದಳು ಒಬ್ಬಳು. “ಮಗು ಇದೆಯಲ್ಲ, ಅದಕ್ಕೇನು ಹೇಳ್ತೀಯ?” ಎಂದಳು ಇನ್ನೊಬ್ಬಳು. ಗುಂಡಿ ಹಚ್ಚುವುದೇ ಮರೆತುಹೋಯಿತು.

ಸೆರಗಿನ ದುಡ್ಡು ಬಿಚ್ಚಲಿಲ್ಲ. ಏಳುವಾಗ ಮಾತ್ರ, ಅದು ನನ್ನಮ್ಮ ಹೊಲಿದದ್ದು ಎಂದೆ. ಅವಳು ಗಾಬರಿಯಾಗಿ ತಕ್ಷಣ ನನ್ನ ಕೈಗಿಟ್ಟಳು. ಅಂಚಿನ ಹಾಲಿನ ಲೆಕ್ಕ ಒಮ್ಮೆ ಸವರಿ, “ಇನ್ನೂ ಯಾರು ಯಾರು ಕೇಳಬೇಕೋ ಕೇಳಲಿ. ಆಮೇಲೆ ವಾಚನಾಲಯಕ್ಕೆ ತಂದುಕೊಡು” ಎಂದು ತಿರುಗಿ ಕೊಟ್ಟೆ. ದಾರಿಯಲ್ಲಿ ಕಣ್ಣು ತುಂಬಿ ಬಂದದ್ದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ಮನೆಯಲ್ಲಿ ಅತ್ತೆಯ ಹತ್ತಿರ ಕೂತು ನಡೆದದ್ದೆಲ್ಲ ಹೇಳಿದೆ. ಎಲ್ಲ ಕೇಳಿ ಅವರೆಂದರು, “ಅಂಥಾ ಕತೆಯಾ ಅದು? ನನಗೆ ಯಾಕೆ ಒಂದು ದಿನವೂ ಓದಿ ಹೇಳಲಿಲ್ಲ ನೀನು?”

ಮದುವೆಯಾಗಿ 23 ವರ್ಷ. ಅವರ ಕಾಲು ಒತ್ತಿದ್ದೇನೆ, ಮಾತ್ರೆ ಕೊಟ್ಟಿದ್ದೇನೆ. ಒಂದು ಪುಟ ಓದಿ ಹೇಳಿರಲಿಲ್ಲ. ಈಗ ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಓದುತ್ತೇನೆ. ‘ಫಣಿಯಮ್ಮ’ ಮುಗಿದಿದೆ. ಅತ್ತೆಯ ಟೀಕೆ ಟಿಪ್ಪಣಿ ಕೇಳಬೇಕು ನೀವು!

ಆ ವರ್ಷ ಖರ್ಚು ಕಳೆದು ಉಳಿದ ಹಣದಲ್ಲಿ ವಾಚನಾಲಯಕ್ಕೆ ಮೂರನೇ ಬೀರು ಬಂತು. ಅಮ್ಮನ ಕಟ್ಟು ಅದರ ಮೇಲಿನ ಅರೆಯಲ್ಲಿದೆ, ಹೆಚ್ಚಾಗಿ ಯಾರ ಮನೆಯಲ್ಲೋ ಇರುತ್ತದೆ.

ನಿಮ್ಮೂರಲ್ಲೂ ಧನುರ್ಮಾಸಕ್ಕೆ ಮಂಟಪ ಖಾಲಿ ಇರುತ್ತದೆಯಲ್ಲ? ನಾಲ್ಕು ಜನ ಸೇರಿ ಅಟ್ಟ ಹತ್ತಿ ನೋಡಿ. ಸಿಕ್ಕ ಪುಸ್ತಕವನ್ನು ಚೀಲಕ್ಕೆ ಹಾಕುವ ಮುಂಚೆ ಒಮ್ಮೆ ತೆರೆಯಿರಿ. ಓದಲು ಬಾರದ ಅತ್ತೆಯೋ ಅಜ್ಜಿಯೋ ಮನೆಯಲ್ಲಿದ್ದರೆ, ಮೊದಲು ಅವರಿಗೆ ಓದಿ ಹೇಳಿ. ಮಾರಾಟ ಆಮೇಲಾಗಲಿ.