ಭೂಪಟದ ಹಿರಿಮೆ, ನಾಡಿನ ಹಿರಿಮೆ

ಶಿರೋಳಿಯ ಮಕ್ಕಳಿಗೆ ನಾನು ಭೂಗೋಳ ಕಲಿಸುವಾಗ ಮರ್ಕೇಟರ್ ಮಾದರಿಯ ಭೂಪಟದಲ್ಲಿ ಐಸ್‌ಲ್ಯಾಂಡ್ ದೇಶವು ಕರ್ನಾಟಕದ ಎರಡು ಪಟ್ಟಿಗೂ ಮಿಗಿಲಾಗಿ ಕಾಣುತ್ತದೆ. ದುಂಡನೆಯ ಭೂಮಿಯನ್ನು ಆ ಬಗೆಯಲ್ಲಿ ಹಾಳೆಯ ಮೇಲೆ ಹರಡಿದಾಗ ಧ್ರುವದ ಸಮೀಪದ ನಾಡುಗಳು ಹಿಗ್ಗುತ್ತವೆ. ವಾಸ್ತವವಾಗಿ ಅದರ ವಿಸ್ತೀರ್ಣ ಸುಮಾರು 1,03,000 ಚದರ ಕಿಲೋಮೀಟರು, ಕರ್ನಾಟಕದ್ದು 1,91,791. ನಮ್ಮ ಕೊಲ್ಹಾಪುರದಂಥ ಹದಿಮೂರು ಜಿಲ್ಲೆಗಳು ಅದರಲ್ಲಿ ಅಡಗುವವು. ಆದರೆ ಜನಸಂಖ್ಯೆ? ನಾಲ್ಕು ಲಕ್ಷದ ಆಸುಪಾಸು! 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯೊಂದರಲ್ಲೇ 38,76,001 ಜನರಿದ್ದರು.

ಅಷ್ಟು ಸ್ವಲ್ಪ ಜನರ ಭಾಷೆಯಲ್ಲಿ ಬರೆದ ಹಾಲ್ದೋರ್ ಲಾಕ್ಸ್‌ನೆಸ್ 1955ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಗಡಿಯ ಈಚೆಗೆ ಕನ್ನಡಿಗರು ಕೆಲವರೇ ಎಂದು ಕೊರಗುವ ಪಾಲಕರೇ, ಭಾಷೆ ಬಾಳುವುದು ತಲೆಯೆಣಿಕೆಯೊಂದರಿಂದಲೇ ಅಲ್ಲ. ಮನೆಯಲ್ಲಿ ಆಡುವುದರಿಂದ, ಮಕ್ಕಳಿಗೆ ಓದುಬರಹ ಕಲಿಸುವುದರಿಂದ.