ಟೈಸನ್ ಎಂಬ ಹೆಸರಿನ ನಾಯಿ

ನಮ್ಮ ಬೀದಿಯ ಕೊನೆಯ ಮನೆಯಲ್ಲೊಂದು ನಾಯಿ ಇದೆ. ಹೆಸರು ಟೈಸನ್. ಹಿಂದೆ ನಾನಿದ್ದ ಬಾಡಿಗೆ ಮನೆಯ ಓನರ್ ಸಾಕಿದ್ದ ನಾಯಿಯ ಹೆಸರೂ ಟೈಸನ್ನೇ. ಊರಲ್ಲಿ ಚಿಕ್ಕಪ್ಪನ ತೋಟ ಕಾಯುತ್ತಿದ್ದ, ಬೆಕ್ಕು ಕಂಡರೆ ಬಾಲ ಮುದುರುತ್ತಿದ್ದ ಕಂತ್ರಿ ನಾಯಿಗೂ ಅದೇ ಹೆಸರು. ಈ ಮೂವರು ಯಜಮಾನರಲ್ಲಿ ಒಬ್ಬರೂ ಬಾಕ್ಸಿಂಗ್ ನೋಡುವವರಲ್ಲ. ಎಷ್ಟು ಸುತ್ತು ಆಡುತ್ತಾರೆ, ಅಂಕ ಹೇಗೆ ಕೊಡುತ್ತಾರೆ ಎಂದರೆ ತಲೆ ಕೆರೆದುಕೊಳ್ಳುತ್ತಾರೆ. ಆದರೆ ಟೈಸನ್ ಅಂದರೆ ಏನು ಅಂತ ಮೂವರಿಗೂ ಗೊತ್ತು. ಸೂಪರ್‌ಸ್ಟಾರ್ ಎಂಬ ಪದಕ್ಕೆ ನಾನು ಇಟ್ಟುಕೊಂಡಿರುವ ಅರ್ಥ ಇಷ್ಟೇ: ಆಟ ನೋಡದವರ ಮನೆಯಂಗಳಕ್ಕೂ ಹೆಸರು ಹೋಗಿ ತಲುಪುವುದು.

2024ರ ಮೇ 18ರ ರಾತ್ರಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಉಕ್ರೇನಿನ ಒಲೆಕ್ಸಾಂಡರ್ ಉಸಿಕ್ ತನಗಿಂತ ಅರ್ಧ ಅಡಿ ಎತ್ತರದ ಬ್ರಿಟಿಷ್ ಬಾಕ್ಸರ್ ಟೈಸನ್ ಫ್ಯೂರಿಯನ್ನು ಸೋಲಿಸಿದ. ಒಂಬತ್ತನೇ ಸುತ್ತಿನಲ್ಲಿ ಫ್ಯೂರಿ ಹಗ್ಗದಿಂದ ಹಗ್ಗಕ್ಕೆ ಓಲಾಡಿದ್ದನ್ನು ನೋಡಿದವರು ಮರೆಯಲಾರರು. 1999ರಲ್ಲಿ ಲೆನಾಕ್ಸ್ ಲೂಯಿಸ್ ಗೆದ್ದ ನಂತರ ಹೆವಿವೇಟ್‌ನ ಮುಖ್ಯ ಬೆಲ್ಟ್‌ಗಳೆಲ್ಲ ಒಬ್ಬನ ಬಳಿ ಬಂದದ್ದು ಅದೇ ಮೊದಲು. ಕಾಲು ಶತಮಾನ! ನಮ್ಮಲ್ಲಿ ಆಗ ಭಾನುವಾರದ ಬೆಳಗಿನ ಜಾವ, ನಿದ್ದೆಗೆಟ್ಟು ನೋಡಿದೆ. ಸೋಮವಾರ ಆಫೀಸಿನ ಊಟದ ಮೇಜಿನಲ್ಲಿ 'ಉಸಿಕ್ ಗೆದ್ದ' ಅಂದೆ. 'ಅದ್ಯಾವ ಆ್ಯಪ್?' ಅಂತ ಒಬ್ಬ ಕೇಳಿದ. ಸೋತವನ ಹೆಸರು ಹೇಳಿದಾಗ ಮಾತ್ರ ಎರಡು ತಲೆಗಳು ಮೇಲೆದ್ದವು. ಆ ಹೆಸರಾದರೂ ಎಲ್ಲಿಯದು? 1988ರಲ್ಲಿ ಹುಟ್ಟಿದ ಫ್ಯೂರಿಗೆ ಅವನಪ್ಪ ಆಗಿನ ಚಾಂಪಿಯನ್ ಮೈಕ್ ಟೈಸನ್ನನ ಹೆಸರಿಟ್ಟಿದ್ದ. ನಮ್ಮ ಚಿಕ್ಕಪ್ಪ ನಾಯಿಗೆ ಇಟ್ಟ, ಅವನು ಮಗನಿಗೆ ಇಟ್ಟ.

ಅದೇ ವರ್ಷದ ನವೆಂಬರಿನಲ್ಲಿ ಅದೇ ಊಟದ ಮೇಜಿನವರೆಲ್ಲ ಒಂದು ಬಾಕ್ಸಿಂಗ್ ಪಂದ್ಯ ನೋಡಿದರು. ಟೆಕ್ಸಾಸಿನಲ್ಲಿ 27ರ ಹುಡುಗ, ಯೂಟ್ಯೂಬ್‌ನಿಂದ ಹೆಸರು ಮಾಡಿದ ಜೇಕ್ ಪಾಲ್‌ನ ಎದುರು 58ರ ಮೈಕ್ ಟೈಸನ್. ಮೂರು ನಿಮಿಷದ ಸುತ್ತುಗಳನ್ನು ಎರಡು ನಿಮಿಷಕ್ಕೆ ಇಳಿಸಿ, ಗ್ಲೌಸ್ ದಪ್ಪ ಮಾಡಿ, ಎಂಟು ಸುತ್ತು ಹೇಗೋ ದಾಟಿಸಿದರು. ಆರು ಕೋಟಿ ಮನೆಗಳಲ್ಲಿ ನೋಡಿದರು ಎಂದು ನೆಟ್‌ಫ್ಲಿಕ್ಸ್ ಹೇಳಿಕೊಂಡಿತು. (ಅದಕ್ಕೆ ಮುಂಚೆ ಅದೇ ಅಖಾಡದಲ್ಲಿ ಕೇಟಿ ಟೇಲರ್ ಮತ್ತು ಅಮಾಂಡಾ ಸೆರಾನೋ ರಕ್ತ ಸುರಿಸಿಕೊಂಡು ಹತ್ತು ಸುತ್ತು ಆಡಿದ್ದರು. ಆ ರಾತ್ರಿಯ ನಿಜವಾದ ಬಾಕ್ಸಿಂಗ್ ಅದು.) ಅಂದರೆ 2024ರಲ್ಲೂ ಈ ಆಟದ ದೊಡ್ಡ ಹೆಸರು 1986ರಲ್ಲಿ ಚಾಂಪಿಯನ್ ಆದವನದ್ದೇ.

ಇದು ಯಾಕೆ ಹೀಗಾಯಿತು ಎಂದು ಕೇಳಿದರೆ ಹಳಬರು ಈಗಿನವರಲ್ಲಿ ದಮ್ಮಿಲ್ಲ ಎನ್ನುತ್ತಾರೆ. ಉಸಿಕ್‌ನ ಕಾಲುಗಳು ಚಲಿಸುವುದನ್ನು ಹತ್ತು ನಿಮಿಷ ನೋಡಿದವರು ಆ ಮಾತು ಆಡಲಾರರು. ಅಮೆರಿಕದ ಗಟ್ಟಿಮುಟ್ಟು ಹುಡುಗರೆಲ್ಲ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಕಡೆ ಹೋದರು ಎನ್ನುವುದರಲ್ಲಿ ಸ್ವಲ್ಪ ಸತ್ಯವಿದೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಐದು ಚಿನ್ನ ಗೆದ್ದ ಅಮೆರಿಕದ ಗಂಡಸರಿಗೆ 2004ರಲ್ಲಿ ಆಂಡ್ರೆ ವಾರ್ಡ್ ಗೆದ್ದ ಮೇಲೆ ಬಾಕ್ಸಿಂಗ್ ಚಿನ್ನವೇ ಸಿಕ್ಕಿಲ್ಲ. ಆದರೆ ಉಸಿಕ್ 2012ರ ಒಲಿಂಪಿಕ್ ಚಿನ್ನ ಗೆದ್ದವನು. ಪ್ರತಿಭೆ ಊರು ಬದಲಾಯಿಸಿದೆ, ಸತ್ತಿಲ್ಲ.

ನನಗೆ ತೋರುವ ಕಾರಣ ಇನ್ನೂ ಸರಳ. ಜನ ಬಾಕ್ಸರ್‌ಗಳನ್ನು ನೋಡುವುದೇ ಕಡಿಮೆಯಾಗಿದೆ.

ಟಿವಿ ಹೊಸದಾಗಿದ್ದಾಗ ಅಮೆರಿಕದಲ್ಲಿ ಶುಕ್ರವಾರ ರಾತ್ರಿಯೆಂದರೆ ಬಾಕ್ಸಿಂಗ್. ಗಡ್ಡದ ಬ್ಲೇಡಿನ ಕಂಪನಿ ಜಿಲೆಟ್ ಹಣ ಹಾಕುತ್ತಿತ್ತು, ಜನ ಬಿಟ್ಟಿ ನೋಡುತ್ತಿದ್ದರು. ಸೆಟ್ ಇಲ್ಲದವರು ಪಕ್ಕದ ಮನೆಗೋ ಬಾರಿಗೋ ಹೋಗುತ್ತಿದ್ದರು. ನಮ್ಮಲ್ಲಿ ಭಾನುವಾರದ ರಾಮಾಯಣಕ್ಕೆ ಸೇರುತ್ತಿದ್ದ ಹಾಗೆ ಅಂದುಕೊಳ್ಳಿ. 1978ರಲ್ಲಿ, ಸೋತು ಮತ್ತೆ ಗೆಲ್ಲಲು ಬಂದ ಮುಹಮ್ಮದ್ ಅಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಲಿಯಾನ್ ಸ್ಪಿಂಕ್ಸ್‌ನ ಎದುರು ನಿಂತಾಗ ಅಮೆರಿಕವೊಂದರಲ್ಲೇ ಸುಮಾರು 9 ಕೋಟಿ ಜನ ಟಿವಿ ಮುಂದಿದ್ದರು ಎಂಬ ಅಂದಾಜಿದೆ. ಬಿಟ್ಟಿ ಚಾನೆಲ್ಲು, ಬಿಟ್ಟಿ ಪಂದ್ಯ. 2015ರ ಮೇ 2ರಂದು ಫ್ಲಾಯ್ಡ್ ಮೇವೆದರ್ ಮತ್ತು ಮ್ಯಾನಿ ಪಾಕಿಯಾವೊ ಆಡಿದಾಗ ಅದನ್ನು ಮನೆಯಲ್ಲಿ ನೋಡಲು ಅಲ್ಲಿನವರು ಸುಮಾರು 100 ಡಾಲರ್ ಕಟ್ಟಬೇಕಿತ್ತು. 46 ಲಕ್ಷ ಮನೆಗಳು ಕಟ್ಟಿದವು. ಲೆಕ್ಕಪತ್ರದಲ್ಲಿ ಅದು ಆವರೆಗಿನ ದಾಖಲೆ. ಆದರೆ ಹೀಗೆ ಬಾಗಿಲು ಹಾಕಿಕೊಂಡು ಒಳಗೆ ಊಟ ಬಡಿಸಿದರೆ, ಹೊರಗೆ ನಿಂತ ಹುಡುಗನಿಗೆ ಅಡುಗೆಯ ರುಚಿ ಹೇಗೆ ಗೊತ್ತಾಗಬೇಕು?

ಹಾಗೆಂದು ಹಳೆಯ ಕಾಲವೆಲ್ಲ ಧರ್ಮಛತ್ರವಾಗಿರಲಿಲ್ಲ. 1971ರ ಮಾರ್ಚ್ 8ರಂದು ಅಲಿ ಮತ್ತು ಜೋ ಫ್ರೇಜಿಯರ್ ನ್ಯೂಯಾರ್ಕಿನಲ್ಲಿ ಎದುರಾದಾಗ ಅಮೆರಿಕನ್ನರು ಥಿಯೇಟರುಗಳಲ್ಲಿ ಟಿಕೆಟ್ ಕೊಂಡೇ ಪರದೆಯ ಮೇಲೆ ನೋಡಿದ್ದು. ಆದರೆ ಅಷ್ಟು ಹೊತ್ತಿಗೆ ಅಲಿ ಯಾರೆಂದು ಯಾರಿಗೂ ಹೇಳಬೇಕಿರಲಿಲ್ಲ. ವಿಯೆಟ್ನಾಂ ಯುದ್ಧಕ್ಕೆ ಹೋಗಲೊಲ್ಲೆ ಎಂದು 1967ರಲ್ಲಿ ಪಟ್ಟ ಕಳೆದುಕೊಂಡು, ಮೂರೂವರೆ ವರ್ಷ ರಿಂಗ್‌ನಿಂದ ಹೊರಗಿದ್ದು ವಾಪಸು ಬಂದಿದ್ದವನು. ಮೊದಲು ಜನ ಬಿಟ್ಟಿಯಾಗಿ ಪ್ರೀತಿಸಿದರು, ಆಮೇಲೆ ದುಡ್ಡು ಕೊಟ್ಟರು. ಈಗ ಆ ಕ್ರಮ ತಲೆಕೆಳಗಾಗಿದೆ.

ಎರಡನೆಯದು ಎಣಿಕೆಯ ವಿಷಯ. ಟೈಸನ್ 1985ರ ಮಾರ್ಚಿನಲ್ಲಿ ಮೊದಲ ವೃತ್ತಿಪರ ಪಂದ್ಯ ಆಡಿದ. 1986ರ ನವೆಂಬರ್ 22ರಂದು ಟ್ರೆವರ್ ಬರ್ಬಿಕ್‌ನನ್ನು ಕೆಡವಿ, 20ನೇ ವಯಸ್ಸಿಗೆ, ಇತಿಹಾಸದ ಅತಿ ಕಿರಿಯ ಹೆವಿವೇಟ್ ಚಾಂಪಿಯನ್ ಆದ. ಅದು ಅವನ 28ನೇ ಪಂದ್ಯ. ಇಪ್ಪತ್ತು ತಿಂಗಳಲ್ಲಿ ಇಪ್ಪತ್ತೆಂಟು! ಮಳೆಗಾಲಕ್ಕೆ ಮುಂಚೆ ಹೆಸರು ಕೇಳದಿದ್ದವರು ದಸರೆಯ ಹೊತ್ತಿಗೆ ಐದಾರು ಸಲ ಕೇಳಿರುತ್ತಿದ್ದರು. ಉಸಿಕ್ 2013ರಲ್ಲಿ ವೃತ್ತಿಗೆ ಇಳಿದವನು. ಹತ್ತೂವರೆ ವರ್ಷದ ನಂತರ ಫ್ಯೂರಿಯೊಡನೆ ಆಡಿದ್ದು ಅವನ 22ನೇ ಪಂದ್ಯ. ವರ್ಷಕ್ಕೆರಡು ಸಲ ಬರುವ ನೆಂಟನನ್ನು ಮಕ್ಕಳು ಗುರುತು ಹಿಡಿಯುವುದಿಲ್ಲ.

ಈ ಕಡಿಮೆ ಆಡುವಿಕೆಯ ಹಿಂದೆ ಒಂದು ಸೊನ್ನೆಯ ಭಯವಿದೆ. ಮೇವೆದರ್ 50 ಗೆದ್ದು ಒಂದನ್ನೂ ಸೋಲದೆ ನಿವೃತ್ತನಾದ. ಅವನ ಕಾಲದಿಂದ ಸೋಲಿನ ಮನೆಯಲ್ಲಿರುವ ಸೊನ್ನೆಯೇ ಬಾಕ್ಸರ್‌ನ ಬಂಡವಾಳವಾಯಿತು. ಪಾಕಿಯಾವೊ ಜತೆಗಿನ ಪಂದ್ಯದ ಮಾತು 2009ರಲ್ಲೇ ಶುರುವಾಗಿತ್ತು. ಆಡುವ ಹೊತ್ತಿಗೆ ಒಬ್ಬನಿಗೆ 38, ಇನ್ನೊಬ್ಬನಿಗೆ 36. ಟೆರೆನ್ಸ್ ಕ್ರಾಫರ್ಡ್ ಮತ್ತು ಎರಲ್ ಸ್ಪೆನ್ಸ್ ಅವರದ್ದೂ ಅದೇ ಕಥೆ. ವರ್ಷಗಟ್ಟಲೆ ಜನ ಬೇಡಿ ಬೇಡಿ, 2023ರಲ್ಲಿ ಕೊನೆಗೂ ಅದು ನಡೆದಾಗ ಕ್ರಾಫರ್ಡ್‌ಗೆ 35 ದಾಟಿತ್ತು. ಇದಕ್ಕೆ ಎದುರಾಗಿ ಶುಗರ್ ರೇ ರಾಬಿನ್ಸನ್‌ನನ್ನು ಇಟ್ಟು ನೋಡಿ. 1943ರ ಫೆಬ್ರುವರಿ 5ರಂದು ಜೇಕ್ ಲಮೋಟಾ ಅವನಿಗೆ ಜೀವನದ ಮೊದಲ ವೃತ್ತಿಪರ ಸೋಲು ಉಣಿಸಿದ. ಮೂರು ವಾರ ಕಳೆದು, 26ಕ್ಕೆ, ಅದೇ ಲಮೋಟಾ ಜತೆ ಮತ್ತೆ ಆಡಿ ಗೆದ್ದ. ನಡುವೆ ಬಿಡುವಿತ್ತೆಂದು ಇನ್ನೊಬ್ಬನನ್ನೂ ಸೋಲಿಸಿದ್ದ! ಇಬ್ಬರೂ ಒಟ್ಟು ಆರು ಸಲ ಎದುರಾದರು. ಸಾರ್ವಕಾಲಿಕ ಶ್ರೇಷ್ಠ ಯಾರು ಎಂಬ ಚರ್ಚೆಯಲ್ಲಿ ಇಂದಿಗೂ ಮೊದಲು ಬರುವ ಹೆಸರು ರಾಬಿನ್ಸನ್‌ನದು, ಅವನ ದಾಖಲೆಯಲ್ಲಿ 19 ಸೋಲುಗಳಿವೆ. ಸೋತು ಎದ್ದವನ ಕಥೆಯನ್ನು ಜನ ಮನೆಗೆ ಒಯ್ಯುತ್ತಾರೆ. ಸೋಲದವನದ್ದು ಬರೀ ಅಂಕಿ.

ಬೆಲ್ಟುಗಳ ಗೊಂದಲದ ಬಗ್ಗೆ ಹೆಚ್ಚು ಬರೆಯಲು ನನಗೆ ಉತ್ಸಾಹವಿಲ್ಲ. ಒಂದು ಕಾಲದಲ್ಲಿ ಎಂಟು ತೂಕಗಳಿದ್ದವು, ಈಗ ಗಂಡಸರಿಗೆ ಹದಿನೇಳು. ಪಟ್ಟ ಕಟ್ಟುವ ಮುಖ್ಯ ಸಂಸ್ಥೆಗಳು ನಾಲ್ಕು, ಪ್ರತಿ ಪಂದ್ಯಕ್ಕೂ ಅವುಗಳ ಶುಲ್ಕ ಬೇರೆ. ಗುಣಿಸಿಕೊಳ್ಳಿ. ಕಾಲು ಶತಮಾನದ ನಂತರ ಎಲ್ಲ ಬೆಲ್ಟ್ ಒಟ್ಟುಗೂಡಿಸಿದ ಉಸಿಕ್, ತಿಂಗಳು ಕಳೆಯುತ್ತಿದ್ದಂತೆ ನಿಯಮದ ಕಟ್ಟಿಗೆ ಬಿದ್ದು ಒಂದನ್ನು ಬಿಟ್ಟುಕೊಡಬೇಕಾಯಿತು. ಇಂಥ ಆಟದಲ್ಲಿ ರಾಜ ಯಾರು ಎಂದು ಹೊಸಬನಿಗೆ ವಿವರಿಸಲು ಹೊರಟರೆ ಅವನು ಕ್ರಿಕೆಟ್ ಹಾಕುತ್ತಾನೆ.

ಇಷ್ಟೆಲ್ಲ ಬರೆದು, ಹಾಗಾದರೆ ಬಾಕ್ಸರ್‌ಗಳು ತಿಂಗಳಿಗೊಮ್ಮೆ ಆಡಲಿ, ಬಿಟ್ಟಿ ಟಿವಿಯಲ್ಲಿ ಆಡಲಿ, ಸೋಲಿಗೆ ಅಂಜದಿರಲಿ ಎಂದು ಹೇಳಿಬಿಡುವುದು ಸುಲಭ. ಅಲ್ಲೇ ನನ್ನ ಕೈ ತಡೆಯುತ್ತದೆ.

1980ರ ಆರಂಭದಲ್ಲಿ ಅಲಿ ಮದ್ರಾಸಿಗೆ ಬಂದಿದ್ದ. ಎಂ.ಜಿ.ಆರ್. ಜತೆ ನಿಂತು ಫೋಟೋ ತೆಗೆಸಿಕೊಂಡ, ಪ್ರದರ್ಶನ ಪಂದ್ಯ ಆಡಿದ, ಜನಸಾಗರ ಸೇರಿತು. ಅದೇ ವರ್ಷ ಅಕ್ಟೋಬರ್ 2ರಂದು ಲಾಸ್ ವೇಗಸ್‌ನಲ್ಲಿ, 38ರ ಅಲಿಯನ್ನು ಲ್ಯಾರಿ ಹೋಮ್ಸ್ ಹತ್ತು ಸುತ್ತು ಹೊಡೆದ. ಹೋಮ್ಸ್ ಹಿಂದೆ ಅಲಿಗೆ ಅಭ್ಯಾಸದಲ್ಲಿ ಜತೆಯಾಗಿದ್ದವನು. ಅಲಿಯ ಕೈಗಳು ಮೇಲೇಳುತ್ತಿರಲಿಲ್ಲ. ಹತ್ತನೇ ಸುತ್ತಿನ ನಂತರ ಅವನ ಕಡೆಯವರೇ ನಿಲ್ಲಿಸಿದರು. ಮರುವರ್ಷ ಇನ್ನೊಂದು ಪಂದ್ಯ ಆಡಿದ, ಬರ್ಬಿಕ್ ಜತೆ. 1984ರಲ್ಲಿ ಪಾರ್ಕಿನ್ಸನ್ಸ್ ಲಕ್ಷಣಗಳು ಗುರುತಾದವು. ಪ್ರತಿ ಏಟನ್ನೂ ಜಗತ್ತು ನೋಡಿತ್ತು, ನೋಡಬೇಕೆಂದು ಕೇಳಿತ್ತು. ಅವನನ್ನು ಅಲಿ ಮಾಡಿದ ಪಂದ್ಯಗಳು ಬೇರೆ, ಅವನ ಮಾತು ಕಸಿದ ಪಂದ್ಯಗಳು ಬೇರೆ ಎಂದು ಗೆರೆ ಎಳೆಯಲು ನನಗೆ ಬರುವುದಿಲ್ಲ. ಬಿಟ್ಟಿ ಟಿವಿಯ ಆ ಸುವರ್ಣಯುಗದಲ್ಲೇ, 1962ರಲ್ಲಿ, ಬೆನ್ನಿ ಪಾರೆಟ್ ನೇರಪ್ರಸಾರದಲ್ಲಿ ಪೆಟ್ಟು ತಿಂದು ಕೆಲವು ದಿನಗಳಲ್ಲಿ ಸತ್ತ. 1982ರಲ್ಲಿ ಕೊರಿಯಾದ ಕಿಮ್ ದುಕ್ ಕೂ ಹಾಗೆಯೇ ಸತ್ತ ಮೇಲೆ ಹದಿನೈದು ಸುತ್ತುಗಳು ಹನ್ನೆರಡಕ್ಕೆ ಇಳಿದವು.

ಮೈಸೂರು ಅರಮನೆಯಂಗಳದಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗ ನೆನಪಾಗುತ್ತದೆ. ಬೋಳುತಲೆಯ ಜಟ್ಟಿಗಳು ಮೊನಚು ಆಯುಧ ಮುಷ್ಟಿಗೆ ತೊಟ್ಟು ಎದುರಾಗುತ್ತಾರೆ. ನೋಡಲು ಬಾಕ್ಸಿಂಗ್‌ಗಿಂತ ಘೋರ. ಆದರೆ ಮೊದಲ ಹನಿ ರಕ್ತ ಕಂಡರೆ ಮುಗಿಯಿತು, ಬಿಡಿಸಿಬಿಡುತ್ತಾರೆ. ಅಲ್ಲಿ ಯಾವ ಜಟ್ಟಿಯೂ ಜಗತ್ಪ್ರಸಿದ್ಧನಾಗುವುದಿಲ್ಲ, ಮನೆಗೆ ಹೋಗುತ್ತಾನೆ.

ವರ್ಷಕ್ಕೆರಡೇ ಪಂದ್ಯ ಆಡಿ, ಕೋಟಿ ಗಳಿಸಿ, ಐವತ್ತರಲ್ಲಿ ತಡವರಿಸದೆ ಮಾತಾಡಬಲ್ಲ ಬಾಕ್ಸರ್‌ಗೆ 'ನಿನ್ನ ಹೆಸರು ನಮ್ಮೂರಿಗೆ ತಲುಪಲಿಲ್ಲ' ಎಂದು ದೂರು ಹೇಳಲು ನಾನ್ಯಾರು? ಆದರೂ ಆಸೆ ಹೋಗುವುದಿಲ್ಲ. ಉಸಿಕ್ ಗೆಲ್ಲುವ ಹನ್ನೆರಡು ದಿನ ಮುಂಚೆ ಟೋಕಿಯೋ ಡೋಮ್‌ನಲ್ಲಿ ನಾವೊಯಾ ಇನೊವೆ ಆಡಿದ್ದ. ಐವತ್ತೈದು ಕಿಲೋ ತೂಕದ ಚಾಂಪಿಯನ್, ಜಪಾನಿನಲ್ಲಿ ಮನೆಮಾತು. 1990ರಲ್ಲಿ ಟೈಸನ್ ಬಸ್ಟರ್ ಡಗ್ಲಾಸ್‌ಗೆ ಸೋತು ಜಗತ್ತನ್ನೇ ದಂಗುಬಡಿಸಿದ ಮೇಲೆ ಆ ಡೋಮ್‌ನಲ್ಲಿ ಬಾಕ್ಸಿಂಗ್ ನಡೆದದ್ದು ಆವತ್ತೇ. ಮೊದಲ ಸುತ್ತಿನಲ್ಲೇ ಮೆಕ್ಸಿಕೋದ ಲೂಯಿಸ್ ನೆರಿಯ ಎಡಗೈ ಏಟಿಗೆ ಇನೊವೆ ನೆಲಕ್ಕೆ ಬಿದ್ದ. ವೃತ್ತಿಜೀವನದಲ್ಲಿ ಮೊದಲ ಸಲ. ಎಂಟು ಎಣಿಸುವವರೆಗೆ ಆತುರಪಡದೆ ಕಾದು ಎದ್ದ, ಆರನೇ ಸುತ್ತಿನಲ್ಲಿ ನೆರಿಯನ್ನು ಮಲಗಿಸಿದ. ಆ ಎಂಟು ಸೆಕೆಂಡುಗಳನ್ನು ಎಷ್ಟು ಸಲ ಹಿಂದೆ ತಿರುಗಿಸಿ ನೋಡಿದ್ದೇನೋ ಲೆಕ್ಕವಿಲ್ಲ. ಮೈ ಜುಮ್ಮೆನ್ನುತ್ತದೆ. ಜತೆಗೇ ಪ್ರತಿ ಸಲವೂ ನನ್ನ ನೋಟ ಅವನ ಕಣ್ಣುಗಳಿಗೆ ಹೋಗಿ ನಿಲ್ಲುತ್ತದೆ, ರೆಫ್ರಿಯ ಬೆರಳುಗಳು ಅವನಿಗೆ ಸರಿಯಾಗಿ ಕಾಣುತ್ತಿವೆಯೇ ಎಂದು.